ಕೃಷ್ಣಮೃಗದ ಬಯಲಿನಂಚಿಗೆ ರಜೆಯ ಮನೆ: ನಿಯಂತ್ರಣ ಬೆಳೆದ ಬಗೆ

ರಾಣೆಬೆನ್ನೂರಿನ 119 ಚದರ ಕಿ.ಮೀ. ಬಯಲು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಒಂದು ಕಾಲಕ್ಕೆ ಎರೆಭೂತ ಹಕ್ಕಿಗೂ ಇದೇ ನೆಲೆ. ಅಭಯಾರಣ್ಯದ ಘೋಷಣೆಗೆ ಆಧಾರವಾದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆಗ ಬೇಟೆ ತಡೆಯುವುದೇ ದೊಡ್ಡ ಚಿಂತೆ. ಕಟ್ಟಡದ ಕಡೆ ಕಾನೂನಿನ ಕಣ್ಣು ಹೊರಳಿದ್ದು ನಿಧಾನವಾಗಿ.

1986ರ ಪರಿಸರ ಸಂರಕ್ಷಣಾ ಕಾಯ್ದೆ ದಾರಿ ತೆರೆಯಿತು. ಅದರಡಿ 1991ರಲ್ಲಿ ಬಂದ ಕರಾವಳಿ ಅಧಿಸೂಚನೆ ಕಡಲತೀರದ ರೆಸಾರ್ಟ್‌ಗಳಿಗೆ ಅಂತರ ಗೊತ್ತುಮಾಡಿತು. ಅಭಯಾರಣ್ಯದೊಳಗೆ ಪ್ರವಾಸಿ ವಸತಿ ಕಟ್ಟಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕೆಂದು 2002ರ ತಿದ್ದುಪಡಿ ಹೇಳಿತು. ಒಳಗೆ ಬಾಗಿಲು ಬಿಗಿಯಾದಾಗ ಬೇಲಿಯಾಚೆಯ ಹೊಲಗಳೇ ಮುಖ್ಯ ಪ್ರಶ್ನೆಯಾದವು. ಪರಿಸರ ಸೂಕ್ಷ್ಮ ವಲಯಗಳಿಗೆ ಕೇಂದ್ರವು 2011ರಲ್ಲಿ ಮಾರ್ಗಸೂಚಿ ಹೊರಡಿಸಿತು. 2012ರಲ್ಲಿ ಬಂಡೀಪುರದ ಸುತ್ತ ಅಂಥ ವಲಯ ಘೋಷಣೆಯಾಯಿತು. ಇಂಥ ಅಧಿಸೂಚನೆಗಳು ಸಾಮಾನ್ಯವಾಗಿ ಗಡಿಯಿಂದ 1 ಕಿ.ಮೀ.ವರೆಗೆ ಹೊಸ ವಾಣಿಜ್ಯ ಕಟ್ಟಡವನ್ನು ತಡೆಯುತ್ತವೆ, ಸ್ಥಳೀಯರು ಸ್ವಂತಕ್ಕೆ ಮನೆ ಕಟ್ಟಿಕೊಳ್ಳಲು ಬಿಡುತ್ತವೆ. ಎಲ್ಲ ಸಂರಕ್ಷಿತ ಅರಣ್ಯಗಳ ಸುತ್ತ ಕನಿಷ್ಠ 1 ಕಿ.ಮೀ. ವಲಯ ಇರಲೇಬೇಕೆಂದು 2022ರ ಜೂನ್‌ನಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಒಂದೇ ಅಳತೆ ಎಲ್ಲ ಕಡೆಗೂ ಹೊಂದದೆಂದು 2023ರ ಏಪ್ರಿಲ್‌ನಲ್ಲಿ ಅದನ್ನು ಸಡಿಲಿಸಿತು.

ಇಷ್ಟೆಲ್ಲ ನಿಯಮಗಳ ಎದುರಿಗೆ ಇದ್ದದ್ದು ದೊಡ್ಡ ರೆಸಾರ್ಟು. 2006ರ ಪರಿಸರ ಪರಿಣಾಮ ಅಧಿಸೂಚನೆ ಕಟ್ಟಡಗಳನ್ನು ಪರಿಶೀಲಿಸುವುದು 20,000 ಚದರ ಮೀಟರ್ ದಾಟಿದ ಮೇಲೆ. ಪಶ್ಚಿಮ ಘಟ್ಟದ ಕರಡು ಅಧಿಸೂಚನೆಗಳಲ್ಲೂ ನಿಷೇಧದ ಗೆರೆ ಅಷ್ಟೇ ಎತ್ತರದಲ್ಲಿದೆ. ನಗರದವರು ವಾರಾಂತ್ಯಕ್ಕೆಂದು ಕಟ್ಟುವ ಒಂಟಿ ಮನೆ ಇಂಥ ಯಾವ ಜರಡಿಯಲ್ಲೂ ನಿಲ್ಲುವುದಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆಯಂತೆ, ಹಿಡುವಳಿಯ ಶೇ 10ರಷ್ಟು ಜಾಗದ ಮಿತಿಯಲ್ಲಿ ತೋಟದ ಮನೆ ಕಟ್ಟಲು ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಭೂಪರಿವರ್ತನೆ) ಬೇಕಿಲ್ಲ. ಕೃಷಿಕರಲ್ಲದವರು ಹೊಲ ಕೊಳ್ಳಲು ಇದ್ದ ತಡೆಯೂ 2020ರ ಭೂಸುಧಾರಣಾ ತಿದ್ದುಪಡಿಯಿಂದ ಹೋಯಿತು. ರೈತನ ಅನುಕೂಲಕ್ಕೆಂದು ಇಟ್ಟ ವಿನಾಯಿತಿ ಈಗ ರಜೆಯ ಮನೆಗೂ ಸಿಗಬಲ್ಲದು. ಬಯಲಿನಲ್ಲಿ ಇದರ ಹಾನಿ ಹೆಚ್ಚು: ಓಟವನ್ನೇ ನೆಚ್ಚಿದ ಕೃಷ್ಣಮೃಗಕ್ಕೆ ಮನೆಗಿಂತ ಅದರ ಸುತ್ತಲಿನ ತಂತಿಬೇಲಿ, ನಾಯಿ, ರಾತ್ರಿಯ ದೀಪಗಳೇ ಅಡ್ಡಿ.

ಸ್ವಿಟ್ಜರ್ಲೆಂಡ್ ಮನೆಯ ಗಾತ್ರದ ಬದಲು ಸಂಖ್ಯೆಯನ್ನು ಹಿಡಿಯಿತು. 2012ರ ಜನಮತದಲ್ಲಿ, ಯಾವುದೇ ಊರಿನ ಮನೆಗಳಲ್ಲಿ ರಜೆಯ ಮನೆಗಳು ಶೇ 20 ಮೀರಬಾರದೆಂಬ ಮಿತಿಗೆ ಅಲ್ಲಿನ ಜನ ಒಪ್ಪಿಗೆ ಕೊಟ್ಟರು.

ನಮ್ಮಲ್ಲೂ ಲೆಕ್ಕ ಹಳ್ಳಿಯಿಂದಲೇ ಶುರುವಾಗಬೇಕು. ಅಭಯಾರಣ್ಯಕ್ಕೆ ಹೊಂದಿದ ಸರ್ವೆ ನಂಬರುಗಳ ಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಲಿ. ಅಲ್ಲಿ ಕಟ್ಟಡ ಪರವಾನಗಿ ಕೊಡುವ ಮೊದಲು ಅರಣ್ಯ ಇಲಾಖೆಯ ಅಭಿಪ್ರಾಯ ಕಡ್ಡಾಯವಾಗಲಿ. ಉಳುವವನ ಮನೆಗೂ ರಜೆಯ ಮನೆಗೂ ಬೇರೆ ಬೇರೆ ನಿಯಮವಿರಲಿ. ಕೃಷ್ಣಮೃಗ ಬೆಳೆ ಮೇಯ್ದಾಗ ನಷ್ಟ ಹೊರುವ ರೈತನಿಗೆ ಮನೆ ಕಟ್ಟಲು ಅಡ್ಡಿ ಮಾಡಿ, ಬೇಲಿ ಹಾಕಿಕೊಂಡು ಬೀಗ ಜಡಿದು ಹೋಗುವವರಿಗೆ ದಾರಿ ಬಿಡುವ ನಿಯಂತ್ರಣ ಬಯಲನ್ನೂ ಉಳಿಸದು, ಊರಿನ ವಿಶ್ವಾಸವನ್ನೂ ಗಳಿಸದು.