ಅಗ್ಗಿಷ್ಟಿಕೆಯ ಮೋಹ

‘ಅಗ್ಗಿಷ್ಟಿಕೆ’ ಎಂಬ ಮಾತನ್ನು ಈಗ ತರಗತಿಯಲ್ಲಿ ಬಿಡಿಸಿ ಹೇಳಬೇಕಾಗಿದೆ. ಸಂಸ್ಕೃತದ ‘ಅಗ್ನಿಷ್ಠಿಕೆ’ಯ ತದ್ಭವವಿದು. ಕೆಂಡ ತುಂಬಿ ಬೇಕಾದಲ್ಲಿಗೆ ಎತ್ತಿ ಒಯ್ಯುವ ಪಾತ್ರೆ. ಬಾಣಂತಿಯ ಕೋಣೆಯಲ್ಲಿ ಸಾಂಬ್ರಾಣಿ ಹೊಗೆಗೂ, ಚಳಿಗಾಲದಲ್ಲಿ ಮುದುಕರು ಅಂಗೈ ಕಾಸಿಕೊಳ್ಳುವುದಕ್ಕೂ ಒದಗುತ್ತಿತ್ತು. ಗೋಡೆಯೊಳಗೆ ಗೂಡು ಮಾಡಿ, ಮೇಲೆ ಹೊಗೆಗಂಡಿ ಎತ್ತಿ, ಮುಂದೆ ಕುರ್ಚಿ ಹಾಕಿಕೊಂಡು ಕೂರುವ ಆಂಗ್ಲರ ಪದ್ಧತಿಗೆ ನಮ್ಮಲ್ಲಿ ಹೆಸರಿರಲಿಲ್ಲ. ವಸ್ತುವೇ ಬೇಕಿಲ್ಲದ ಮೇಲೆ ಹೆಸರೇಕೆ? ಭಾಷಾಂತರಕಾರರು ಇದೇ ಮಾತನ್ನು ಅದಕ್ಕೂ ಹಚ್ಚಿ ಕೈತೊಳೆದುಕೊಂಡರು. ಬೆಂಗಳೂರು ದಂಡಿನ ಹಳೆಯ ಬಂಗಲೆಗಳಲ್ಲಿಯೂ ಕೊಡಗಿನ ತೋಟದ ಮನೆಗಳಲ್ಲಿಯೂ ಅಂಥ ಗೂಡುಗಳು ಇನ್ನೂ ಉಂಟು. ಈಚೆಗೆ ಹೊಸ ಮನೆಗಳ ನಡುಮನೆಯಲ್ಲಿಯೂ ಅವು ತಲೆದೋರುತ್ತಿವೆ. ಕೆಲವದರಲ್ಲಿ ಉರಿಯುವುದು ವಿದ್ಯುತ್ತಿನ ಹುಸಿಜ್ವಾಲೆ. ಬೆಂಗಳೂರಿನ ಹವೆಗೆ ಈ ಬೆಂಕಿಯ ಹಂಗೇಕೆ ಎಂದು ನಗಬಹುದು. ಆದರೆ ಈ ಮೋಹ ಹುಟ್ಟಿದ ನಾಡಿನಲ್ಲಿಯೂ ಅದಕ್ಕೂ ಉಪಯೋಗಕ್ಕೂ ಬಹಳ ಹೊಂದಾಣಿಕೆ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಮೊದಲು ಬೆಂಕಿ ಇದ್ದುದು ಮನೆಯ ನಟ್ಟನಡುವೆ. ಕೆಂಟ್ ಪ್ರಾಂತದ ಪೆನ್ಸ್‌ಹರ್ಸ್ಟ್ ಎಂಬ ಅರಮನೆಯಲ್ಲಿ 1341ರಲ್ಲಿ ಮುಗಿದ ದೊಡ್ಡ ಸಭಾಂಗಣವಿದೆ. ಅದರ ನೆಲದ ಮಧ್ಯೆ ಎಂಟು ಮೂಲೆಯ ಒಲೆಕಟ್ಟೆ ಇಂದಿಗೂ ಉಳಿದಿದೆ. ಹೊಗೆ ತೊಲೆಗಳ ನಡುವೆ ಸುತ್ತಾಡಿ ಮಾಡಿನ ಕಿಂಡಿಯಿಂದ ಹೊರಬೀಳಬೇಕು. ನಮ್ಮ ಮಲೆನಾಡಿನ ಅಟ್ಟ ಕಂಡವರಿಗೆ ಇದನ್ನು ವರ್ಣಿಸಬೇಕಾಗಿಲ್ಲ. ಗೋಡೆಯ ಗೂಡು, ಹೊಗೆಗಂಡಿಗಳು ಕೋಟೆಗಳಲ್ಲಿ ಮುಂಚೆಯೇ ಬಂದಿದ್ದರೂ ಸಾಮಾನ್ಯರ ಮನೆಗೆ ಇಳಿಯಲು ಶತಮಾನಗಳು ಹಿಡಿದವು. 1577ರಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ, ತಮ್ಮ ಕಾಲದಲ್ಲಿ ಎದ್ದ ಹೊಗೆಗಂಡಿಗಳ ಸಂಖ್ಯೆ ಕಂಡು ಊರಿನ ಮುದುಕರು ಬೆರಗಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಸಂಖ್ಯೆ ಬೆಳೆದಲ್ಲಿಗೆ ಸರ್ಕಾರದ ಕಣ್ಣು ಹೋಗದೆ ಇರುತ್ತದೆಯೆ? 1662ರಲ್ಲಿ ಒಲೆಯ ತೆರಿಗೆ ಹುಟ್ಟಿತು: ಒಲೆಯೊಂದಕ್ಕೆ ವರ್ಷಕ್ಕೆ ಎರಡು ಷಿಲಿಂಗ್. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದರೆ ‘ಬೇರೆ ಒಲೆ ಹೂಡಿದರು’ ಎನ್ನುತ್ತೇವೆ. ಒಲೆ ಎಣಿಸಿದರೆ ಸಂಸಾರ ಎಣಿಸಿದಂತೆ ಎಂಬ ಆ ಲೆಕ್ಕಾಚಾರವೇ ಅಲ್ಲಿಯೂ ನಡೆಯಿತು. ಎಣಿಸುವವನು ಮನೆಯೊಳಕ್ಕೇ ನುಗ್ಗಬೇಕಾದ್ದರಿಂದ ಜನ ಶಪಿಸಿದರು. 1684ರಲ್ಲಿ ಆಕ್ಸ್‌ಫರ್ಡ್ ಸೀಮೆಯ ಚರ್ಚಿಲ್ ಎಂಬ ಹಳ್ಳಿಯಲ್ಲಿ ರೊಟ್ಟಿ ಸುಡುವವಳೊಬ್ಬಳು ತೆರಿಗೆ ತಪ್ಪಿಸಲೆಂದು ಗೋಡೆ ಕೊರೆದು ತನ್ನ ಒಲೆಯ ಹೊಗೆಯನ್ನು ನೆರೆಮನೆಯ ಹೊಗೆಗಂಡಿಗೆ ಕೂಡಿಸಿದಳಂತೆ. ಆ ಬೆಂಕಿಗೆ ಊರಿನ ಇಪ್ಪತ್ತರಷ್ಟು ಮನೆಗಳು ಬೂದಿಯಾದವು. 1689ರಲ್ಲಿ ತೆರಿಗೆಯನ್ನು ರದ್ದುಮಾಡಿದರು.

ಇಷ್ಟೆಲ್ಲ ಗಲಾಟೆಯಾದರೂ ಆ ಗೂಡು ಕೋಣೆಯನ್ನು ಬೆಚ್ಚಗಿಡುತ್ತಿರಲಿಲ್ಲ. ಅದು ಪೆಟ್ಟಿಗೆಯಂತೆ ಆಳವಾಗಿ, ಚಚ್ಚೌಕವಾಗಿ ಇರುತ್ತಿತ್ತು. ಮೇಲಿನ ಗಂಟಲು ಬಾವಿಯಷ್ಟು ಅಗಲ. ಶಾಖದ ಬಹುಭಾಗ ಆಕಾಶದ ಪಾಲು. ಮೇಲೇರಿದ ಗಾಳಿಯ ಜಾಗಕ್ಕೆ ಬಾಗಿಲಿನ ಸಂದಿಗಳಿಂದ ತಣ್ಣನೆಯ ಗಾಳಿ ನುಗ್ಗಿ ಬರುತ್ತಿತ್ತು. ಮುಖ ಬೆಂದು ಬೆನ್ನು ಹೆಪ್ಪುಗಟ್ಟುವ ಸುಖ ಅದು.

ಇದನ್ನು ಸರಿಪಡಿಸಿದವನು ಬೆಂಜಮಿನ್ ಥಾಂಪ್ಸನ್. 1753ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ ಹುಟ್ಟಿ, ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಕಡೆ ನಿಂತು, ಆಮೇಲೆ ಬವೇರಿಯದ ದೊರೆಯ ಸೇವೆಗೆ ಸೇರಿ ಕೌಂಟ್ ರಂಫರ್ಡ್ ಎಂಬ ಬಿರುದು ಪಡೆದ ವಿಚಿತ್ರ ಪುರುಷ. ಫಿರಂಗಿ ಕೊರೆಯುವಾಗ ಹುಟ್ಟುವ ಶಾಖವನ್ನು ಅಳೆದು, ಶಾಖವೆಂಬುದು ದ್ರವ್ಯವಲ್ಲ, ಚಲನೆ ಎಂದು 1798ರಲ್ಲಿ ವಾದಿಸಿದವನೂ ಇವನೇ. ಅಷ್ಟು ದೊಡ್ಡ ತತ್ತ್ವ ಕಂಡವನು ಮನೆಯ ಹೊಗೆಯ ಬಗೆಗೂ ತಲೆಕೆಡಿಸಿಕೊಂಡನಲ್ಲ ಎಂಬುದೇ ನನಗೆ ಅವನ ಮೇಲಿರುವ ಗೌರವಕ್ಕೆ ಕಾರಣ. 1796ರಲ್ಲಿ ಅಚ್ಚಾದ ಅವನ ಪ್ರಬಂಧದ ಸೂತ್ರ ಸರಳ: ಕೋಣೆಯಲ್ಲಿ ಕೂತವನನ್ನು ಕಾಯಿಸುವುದು ಬಿಸಿಗಾಳಿಯಲ್ಲ, ಬೆಂಕಿಯಿಂದ ನೇರವಾಗಿ ಹೊಮ್ಮುವ ಕಿರಣ. ಆದ್ದರಿಂದ ಗೂಡಿನ ಆಳ ತಗ್ಗಿಸಿ ಬೆಂಕಿಯನ್ನು ಮುಂದಕ್ಕೆ ತರಬೇಕು. ಹಿಂಗೋಡೆಯ ಅಗಲ ಮುಂಬಾಯಿಯ ಮೂರರಲ್ಲಿ ಒಂದು ಪಾಲು ಸಾಕು. ಪಕ್ಕದ ಗೋಡೆಗಳು ಅದರೊಡನೆ 135 ಅಂಶದ ಕೋನದಲ್ಲಿ ಹೊರಚಾಚಿ, ಬಿದ್ದ ಕಿರಣವನ್ನು ಕೋಣೆಯತ್ತ ತಿರುಗಿಸಬೇಕು. ಅವಕ್ಕೆ ಸುಣ್ಣ ಬಳಿಯಬೇಕು. ಗಂಟಲನ್ನು ನಾಲ್ಕು ಅಂಗುಲಕ್ಕೆ ಕಿರಿದುಗೊಳಿಸಬೇಕು. ಹೊಗೆ ಹೋಗಲು ಅಷ್ಟು ಸಾಕು, ಕೋಣೆಯ ಬೆಚ್ಚನೆಯ ಗಾಳಿಯನ್ನು ಅದು ಸೆಳೆದೊಯ್ಯುವುದಿಲ್ಲ. ಯಂತ್ರವಿಲ್ಲ, ಕಬ್ಬಿಣವಿಲ್ಲ, ಗಾರೆಯವನೊಬ್ಬ, ಒಂದಿಷ್ಟು ಇಟ್ಟಿಗೆ.

ಲಂಡನ್ನು ಇದಕ್ಕೆ ಮರುಳಾಯಿತು. 1800ರಲ್ಲಿ ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ, ಬೆಂಕಿಗೆ ಬೆನ್ನೊಡ್ಡಿ ಕೋಟಿನ ಅಂಚೆತ್ತಿ ನಿಂತ ರಂಫರ್ಡನನ್ನೇ ಬರೆದ. 1817ರ ಕೊನೆಗೆ ಹೊರಬಂದ ಜೇನ್ ಆಸ್ಟಿನ್ನಳ ‘ನಾರ್ಥಾಂಗರ್ ಅಬ್ಬೆ’ಯಲ್ಲಿ, ಪುರಾತನ ಮಠದ ಭಯಂಕರ ವೈಭವವನ್ನು ನಿರೀಕ್ಷಿಸಿ ಬಂದ ನಾಯಿಕೆಗೆ ಅಲ್ಲಿ ಕಾಣುವುದು ಅಚ್ಚುಕಟ್ಟಾದ ರಂಫರ್ಡ್ ಗೂಡು; ಪಾಪ, ಅವಳ ಮುಖ ಸಪ್ಪೆಯಾಗುತ್ತದೆ. ಅನುಕೂಲವೇ ಬೇರೆ, ಮೋಹವೇ ಬೇರೆ ಎಂಬುದನ್ನು ಆ ಹೆಂಗಸು ಎಷ್ಟು ಬೇಗ ಕಂಡುಕೊಂಡಳು!

ರಂಫರ್ಡನ ವಿನ್ಯಾಸದಲ್ಲಿ ಇನ್ನೊಂದು ವಿವರವಿದೆ. ಗಂಟಲು ಕಿರಿದಾದ್ದರಿಂದ ಹೊಗೆಗಂಡಿ ಗುಡಿಸುವವನು ಮೇಲೇರಲಾರ; ಅದಕ್ಕಾಗಿ ಹಿಂಗೋಡೆಯಲ್ಲಿ ಬೇಕಾದಾಗ ಕಿತ್ತು ಮುಚ್ಚುವಂಥ ಒಂದು ದಾರಿ ಬಿಡಬೇಕು. ಆ ದಾರಿ ಯಾರಿಗಾಗಿ? ಮಕ್ಕಳಿಗಾಗಿ. ಆ ನಗರದ ಅನೇಕ ಹೊಗೆಗಂಡಿಗಳು ಒಂಬತ್ತಂಗುಲಕ್ಕೆ ಹದಿನಾಲ್ಕಂಗುಲ. ಬಡವರ ಎಳೆಯ ಮಕ್ಕಳನ್ನು ಬಿಟ್ಟರೆ ಬೇರಾರೂ ಹಿಡಿಸರು. ಮೊಣಕೈ ಮೊಣಕಾಲು ಒತ್ತಿ ತೆವಳುತ್ತ ಮಸಿ ಉದುರಿಸಬೇಕು. ಮಸಿಯಿಂದ ಇವರಿಗೆ ಬರುತ್ತಿದ್ದ ಅರ್ಬುದರೋಗವನ್ನು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲಿಯೇ ಗುರುತಿಸಿದ್ದ. ಎಂಟು ವರ್ಷದೊಳಗಿನವರು ಕೂಡದೆಂದು 1788ರಲ್ಲಿ ಒಂದು ಕಾನೂನು. 21 ತುಂಬದವರು ಏರಲೇಕೂಡದೆಂದು 1840ರಲ್ಲಿ ಮತ್ತೊಂದು. ಉದ್ದನೆಯ ಕೋಲಿನ ಕುಂಚಗಳು ಬಂದಿದ್ದರೂ ಮನೆಯ ಯಜಮಾನರಿಗೆ ಹುಡುಗರೇ ಒಗ್ಗಿದ್ದರು. 1875ರಲ್ಲಿ ಕೇಂಬ್ರಿಜ್ ಬಳಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಹೊಗೆಗಂಡಿಯೊಂದರಲ್ಲಿ ಸಿಕ್ಕಿಕೊಂಡು ಸತ್ತ. ಆ ವರ್ಷ ಷಾಫ್ಟ್ಸ್‌ಬರಿ ಪ್ರಭುವಿನ ಪ್ರಯತ್ನದಿಂದ ಬಂದ ಕಾನೂನು, ಗುಡಿಸುವವರೆಲ್ಲ ಪೊಲೀಸರಿಂದ ಪರವಾನಗಿ ಪಡೆಯಬೇಕೆಂದು ವಿಧಿಸಿದ ಮೇಲೆಯೇ ಆ ಪಾಪ ನಿಂತದ್ದು. ಬೆಂಕಿಯ ಮುಂದೆ ಕೂತು ಕಥೆ ಓದುವ ಸಂಸಾರದ ಚಿತ್ರಗಳನ್ನು ನೋಡುವಾಗಲೆಲ್ಲ ನನ್ನ ಕಣ್ಣು ಚಿತ್ರದ ಮೇಲಂಚಿಗೆ ಹೋಗುತ್ತದೆ.

1945ರ ಡಿಸೆಂಬರ್ 8ರಂದು ಲಂಡನ್ನಿನ ಸಂಜೆ ಪತ್ರಿಕೆಯೊಂದರಲ್ಲಿ ಜಾರ್ಜ್ ಆರ್ವೆಲ್ ತೆರೆದ ಬೆಂಕಿಯ ಪರ ವಕಾಲತ್ತು ವಹಿಸಿದ. ಯುದ್ಧಾನಂತರ ಕಟ್ಟುವ ಮನೆಗಳಲ್ಲಿ ಒಂದು ಕೋಣೆಯಲ್ಲಾದರೂ ಅದಿರಲಿ. ಅದು ಮನೆಮಂದಿಯನ್ನೆಲ್ಲ ಒಂದೆಡೆ ಕೂರಿಸುತ್ತದೆ ಎಂಬುದು ಅವನ ವಾದ. ಕೊಳೆಯನ್ನೂ ದಂಡವನ್ನೂ ಅವನು ಮರೆಮಾಚಲಿಲ್ಲ. ಸರಿಯಾಗಿ ಏಳು ವರ್ಷದ ಮೇಲೆ, 1952ರ ಡಿಸೆಂಬರ್ 5ರಿಂದ 9ರವರೆಗೆ, ಅದೇ ಊರಿನ ಲಕ್ಷಾಂತರ ಗೂಡುಗಳ ಕಲ್ಲಿದ್ದಲ ಹೊಗೆ ಕಾರ್ಖಾನೆಗಳ ಹೊಗೆಯೊಡನೆ ಮಂಜಿನಲ್ಲಿ ಕೂಡಿ ನೆಲಕ್ಕೆ ಕವಿಯಿತು. ಸತ್ತವರು 4,000 ಎಂದು ಆಗಿನ ಲೆಕ್ಕ; 12,000ದವರೆಗೆ ಇರಬಹುದೆಂದು ಈಚಿನವರ ಅಂದಾಜು. 1956ರಲ್ಲಿ ಶುದ್ಧಗಾಳಿಯ ಕಾನೂನು ಬಂತು. 2021ರ ಮೇ ತಿಂಗಳಿಂದ ಇಂಗ್ಲೆಂಡಿನ ಅಂಗಡಿಗಳಲ್ಲಿ ಮನೆಗೆ ಉರಿಸುವ ಕಲ್ಲಿದ್ದಲ ಮೂಟೆ ಮಾರುವುದೂ ನಿಷಿದ್ಧ.

ಮೋಹ ಮಾತ್ರ ಹೋಗಲಿಲ್ಲ. ಲ್ಯಾಟಿನ್ನಿನಲ್ಲಿ ‘ಫೋಕಸ್’ ಎಂದರೆ ಮನೆಯ ಒಲೆ. ಕಿರಣಗಳು ಕೂಡುವ ಬಿಂದುವಿಗೆ ಕೆಪ್ಲರ್ ಆ ಹೆಸರಿಟ್ಟದ್ದು 1604ರಲ್ಲಿ. ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಈ ಮಾತನ್ನು ಅಕ್ಷರಶಃ ನಡೆಸಿದವನು. ಕೊಳವೆಗಳಲ್ಲಿ ಬಿಸಿನೀರು ಹರಿದು ಮನೆ ಕಾಯುವ ಕಾಲದಲ್ಲಿಯೂ ಅವನು ಒಲೆಯನ್ನು ನಡುವಿಟ್ಟು ಸುತ್ತ ಮನೆ ಹೆಣೆದ. 1935ರಲ್ಲಿ ಯೋಜಿಸಿದ ‘ಫಾಲಿಂಗ್ ವಾಟರ್’ ಎಂಬ ಮನೆಯಲ್ಲಿ, ನೆಲದಿಂದ ಎದ್ದ ಬಂಡೆಯನ್ನು ಒಡೆಯದೆ ಅದನ್ನೇ ಒಲೆಕಟ್ಟೆಯಾಗಿ ಬಿಟ್ಟಿದ್ದಾನೆ.

ಒಲೆಯೇ ಇಲ್ಲದವರ ಪಾಡೇನು? ನ್ಯೂಯಾರ್ಕಿನ ದೂರದರ್ಶನ ಕೇಂದ್ರವೊಂದು 1966ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಮಿಕ್ಕ ಕಾರ್ಯಕ್ರಮಗಳನ್ನೂ ಜಾಹೀರಾತುಗಳನ್ನೂ ಬದಿಗಿಟ್ಟು ಉರಿಯುವ ಕೊರಡೊಂದನ್ನು ಸುಮಾರು ಮೂರು ಗಂಟೆ ತೋರಿಸಿತು. ಚಿತ್ರ ತೆಗೆದದ್ದು ಮೇಯರರ ಅಧಿಕೃತ ನಿವಾಸದಲ್ಲಿ. ಜ್ವಾಲೆ ಚೆನ್ನಾಗಿ ಕಾಣಲೆಂದು ಮುಂದಿನ ಜಾಲರಿ ತೆಗೆದಿಟ್ಟಿದ್ದರು. ಕಿಡಿಯೊಂದು ಸಿಡಿದು ಬೆಲೆಬಾಳುವ ಹಳೆಯ ರತ್ನಗಂಬಳಿ ಸುಟ್ಟಿತು. ಆ ಚಿತ್ರದ ಸುರುಳಿ ಸವೆದಾಗ ಮತ್ತೆ ತೆಗೆಯಲು ಮೇಯರರ ಕಚೇರಿ ಒಪ್ಪಲಿಲ್ಲ. 1970ರಲ್ಲಿ ಕ್ಯಾಲಿಫೋರ್ನಿಯದ ಒಂದು ಮನೆಯಲ್ಲಿ ಅಂಥದೇ ಗೂಡು ಹುಡುಕಿ, ಆಗಸ್ಟಿನ ಉರಿಬಿಸಿಲಿನ ಒಂದು ದಿನ ಬೆವರು ಒರೆಸಿಕೊಳ್ಳುತ್ತ ಕೊರಡು ಹೊತ್ತಿಸಿದರು.