ಬಣ್ಣದ ಕೆಳಗಿನ ಚರಿತ್ರೆ

ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕೈಯಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್, ತೀರಿಕೊಂಡ ತಂದೆಯದು. ಅಲ್ಲಲ್ಲಿ ಬಣ್ಣ ಚಕ್ಕೆಯೆದ್ದು, ನುಡಿಸುವವರ ಮುಂಗೈ ಸದಾ ಉಜ್ಜುವ ಜಾಗದಲ್ಲಿ ಬರಿಯ ಮರ ಕಾಣುತ್ತಿತ್ತು. "ಸಾರ್, ಇದನ್ನೆಲ್ಲ ಕೆರೆಸಿ ಹೊಸ ಬಣ್ಣ ಹೊಡೆಸೋಣ ಅಂತಿದ್ದೇನೆ. ಕಾರ್ ಗ್ಯಾರೇಜಿನವನು ಡ್ಯೂಕೋ ಮಾಡಿಕೊಡ್ತೀನಿ ಅಂದಿದ್ದಾನೆ. ಅಮ್ಮ ಮಾತ್ರ ಬೇಡ ಅಂತಾರೆ. ಇತಿಹಾಸ ಪಾಠ ಮಾಡಿದವರು ನೀವು, ನೀವೇ ಹೇಳಿ" ಎಂದ. ನನಗೆ ಗಿಟಾರಿನ ಗಂಧವೂ ಇಲ್ಲ. ಆದರೆ 'ಡ್ಯೂಕೋ' ಎಂಬ ಒಂದು ಪದ ಮನಸ್ಸಿನಲ್ಲಿ ಉಳಿಯಿತು. ನಮ್ಮ ಗ್ಯಾರೇಜುಗಳಲ್ಲಿ, ಬಡಗಿಗಳ ಬಾಯಲ್ಲಿ ನಿತ್ಯವೂ ಕೇಳುವ ಈ ಪದ ಎಲ್ಲಿಂದ ಬಂತೆಂದು ಹುಡುಕುತ್ತ ಹೋದಾಗ ದೊರೆತ ಕಥೆಯನ್ನು ಓದುಗ ಮಿತ್ರರಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕಥೆ ಆರಂಭವಾಗುವುದು ಸಂಗೀತದಿಂದಲ್ಲ, ಸಿಡಿಮದ್ದಿನಿಂದ. 1846ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಷೋನ್‌ಬೈನ್ ಹತ್ತಿಯ ಮೇಲೆ ನೈಟ್ರಿಕ್ ಆಮ್ಲದ ಪ್ರಯೋಗ ನಡೆಸಿ ಒಂದು ಸ್ಫೋಟಕವನ್ನು ಪಡೆದರು. ಅದೇ ನೈಟ್ರೋಸೆಲ್ಯುಲೋಸ್. ಇದೇ ಬಗೆಯ ವಸ್ತುವಿನಿಂದ ಮುಂದೆ ಸಿನಿಮಾ ರೀಲುಗಳೂ ತಯಾರಾದವು. ಅಮೆರಿಕೆಯ ಡ್ಯೂಪಾಂಟ್ 1802ರಲ್ಲಿ ಮದ್ದಿನ ಪುಡಿ ತಯಾರಿಸಲೆಂದೇ ಹುಟ್ಟಿದ ಸಂಸ್ಥೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಸಂಸ್ಥೆ ನೈಟ್ರೋಸೆಲ್ಯುಲೋಸಿಗೆ ಶಾಂತಿಕಾಲದ ಉಪಯೋಗಗಳನ್ನು ಅರಸಿತು. ಹಾಗೆ 1923ರಲ್ಲಿ ಮಾರುಕಟ್ಟೆಗೆ ಬಂದ ಮೆರುಗು ಬಣ್ಣದ ಹೆಸರು 'ಡ್ಯೂಕೋ'. ಅಲ್ಲಿಯವರೆಗೆ ಮೋಟಾರು ಗಾಡಿಗಳಿಗೆ ಬಳಿದ ಬಣ್ಣ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಹೊಸ ಬಣ್ಣ ತುಪ್ಪಳಿಸಿದ ಕೆಲವೇ ಗಂಟೆಗಳಲ್ಲಿ ಒಣಗುತ್ತಿತ್ತು. ಜನರಲ್ ಮೋಟಾರ್ಸ್ ತನ್ನ 1924ರ ಓಕ್‌ಲ್ಯಾಂಡ್ ಕಾರುಗಳಿಗೆ ನೀಲಿ ಡ್ಯೂಕೋ ಹಚ್ಚಿತು. 1914ರಿಂದ ಕಪ್ಪು ಬಣ್ಣವೊಂದನ್ನೇ ನೆಚ್ಚಿಕೊಂಡಿದ್ದ ಫೋರ್ಡ್‌ನ ಮಾಡೆಲ್ ಟಿ ಕೂಡ ಕೆಲವೇ ವರ್ಷಗಳಲ್ಲಿ ಬಣ್ಣ ಬದಲಿಸಿತು. ಡ್ಯೂಕೋ ಎಂಬ ವ್ಯಾಪಾರನಾಮ ಕಾಲಾಂತರದಲ್ಲಿ ನಮ್ಮ ದೇಶದಲ್ಲಿ ತುಪ್ಪಳಿಸುವ ಬಣ್ಣಕ್ಕೆಲ್ಲ ಹೆಸರಾಯಿತು.

ಕಾರಿನ ಬಣ್ಣ ಗಿಟಾರಿಗೇರಿದ್ದು ಮೂರು ದಶಕಗಳ ನಂತರ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿಯಿಂದ ಆರಂಭಿಸಿದ ಲಿಯೋ ಫೆಂಡರ್ 1950ರ ದಶಕದ ಆರಂಭದಲ್ಲಿ ಇಡೀ ಮರದ ಎಲೆಕ್ಟ್ರಿಕ್ ಗಿಟಾರುಗಳನ್ನು ಮಾರತೊಡಗಿದರು. ವೀಣೆಯಂತೆ ಇದಕ್ಕೆ ನಾದ ತುಂಬುವ ಟೊಳ್ಳು ಒಡಲಿಲ್ಲ. ಉಕ್ಕಿನ ತಂತಿ ಅಯಸ್ಕಾಂತದ ಸನಿಹದಲ್ಲಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನಾವು ಪ್ರೌಢಶಾಲೆಯಲ್ಲಿ ಓದಿದ ಫ್ಯಾರಡೆಯ ತತ್ತ್ವವೇ ಇದು. ಟೊಳ್ಳು ವಾದ್ಯದ ತೆಳು ಹಲಗೆಗೆ ದಪ್ಪ ಬಣ್ಣ ಬಳಿದರೆ ನಾದ ಉಡುಗೀತೆಂಬ ಅಳುಕು ಇಲ್ಲಿ ಅಷ್ಟಿರಲಿಲ್ಲ.

1954ರ ಸ್ಟ್ರಾಟೋಕ್ಯಾಸ್ಟರ್ ಮಾದರಿ ಮೊದಲು ಬಂದದ್ದು ನಡುವೆ ಹಳದಿ, ಅಂಚಿಗೆ ಕಪ್ಪಾಗುವ 'ಸನ್‌ಬರ್ಸ್ಟ್' ಬಣ್ಣದಲ್ಲಿ. ಕೆಲವೇ ವರ್ಷಗಳಲ್ಲಿ, ಶೇ. 5ರಷ್ಟು ಹೆಚ್ಚು ಹಣ ತೆತ್ತರೆ ಬೇಕಾದ ಬಣ್ಣ ಎಂದು ಕಂಪನಿ ಪ್ರಕಟಿಸಿತು. ಆ ಬಣ್ಣಗಳೆಲ್ಲ ಕಾರುಗಳವು! 'ಫಿಯೆಸ್ಟಾ ರೆಡ್' ಫೋರ್ಡ್ ಥಂಡರ್‌ಬರ್ಡ್‌ನದು. 'ಸರ್ಫ್ ಗ್ರೀನ್' ಷೆವ್ರೊಲೆಯದು. 'ಸೋನಿಕ್ ಬ್ಲೂ' ಕ್ಯಾಡಿಲಾಕ್‌ನದು. 1959ರಲ್ಲಿ ಗಾಯಕ ಕ್ಲಿಫ್ ರಿಚರ್ಡ್ ಇಂಗ್ಲೆಂಡಿಗೆ ತರಿಸಿದ ಕೆಂಪು ಸ್ಟ್ರಾಟೋಕ್ಯಾಸ್ಟರನ್ನು ಹ್ಯಾಂಕ್ ಮಾರ್ವಿನ್ ನುಡಿಸಿದ್ದೇ ತಡ, ಅಲ್ಲಿನ ಹುಡುಗರಿಗೆಲ್ಲ ಕೆಂಪು ಗಿಟಾರಿನ ಹಂಬಲ ಹತ್ತಿತು.

1967ರಲ್ಲಿ ಕಲಾವಿದರು ತಾವೇ ಕುಂಚ ಹಿಡಿದರು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ತಮ್ಮ ಸೋನಿಕ್ ಬ್ಲೂ ಗಿಟಾರಿಗೆ ಹೊಳೆಯುವ ಡೇಗ್ಲೋ ಬಣ್ಣಗಳನ್ನು ಬಳಿದು, ತುದಿಗೆ ಪತ್ನಿ ಪ್ಯಾಟಿ ಬಾಯ್ಡ್ ಅವರ ಉಗುರುಬಣ್ಣ ಹಚ್ಚಿದರು. ಅದೇ ವರ್ಷ 'ದ ಫೂಲ್' ಎಂಬ ಡಚ್ ಕಲಾವಿದರ ತಂಡ ಎರಿಕ್ ಕ್ಲಾಪ್ಟನ್ ಅವರ ಗಿಬ್ಸನ್ ಗಿಟಾರಿನ ಮೇಲೆ ಚಿತ್ರ ಬರೆಯಿತು. ಮರುವರ್ಷವೇ ಗಾಳಿ ತಿರುಗಿತು. ಜಾನ್ ಲೆನನ್ 1968ರಲ್ಲಿ ತಮ್ಮ ಎಪಿಫೋನ್ ಗಿಟಾರಿನ ಮೆರುಗನ್ನೆಲ್ಲ ಕೆರೆಸಿ ಮರವನ್ನು ಬಯಲು ಮಾಡಿದರು. ಮೆರುಗು ತೆಗೆದ ಮೇಲೆ ವಾದ್ಯಗಳು ಎಷ್ಟೋ ಚೆನ್ನಾದವೆಂದು ಹ್ಯಾರಿಸನ್ ಮುಂದೆ ಹೇಳಿಕೊಂಡರು. 1970ರ ದಶಕದಲ್ಲಿ ಎಡ್ಡಿ ವ್ಯಾನ್ ಹೇಲನ್ 50 ಡಾಲರಿನ ಒಡಲು ಹಾಗೂ 80 ಡಾಲರಿನ ಕುತ್ತಿಗೆಯನ್ನು ತಾವೇ ಜೋಡಿಸಿ, ಅಂಟುಪಟ್ಟಿ ಸುತ್ತಿ, ಕಪ್ಪು-ಬಿಳಿ ಪಟ್ಟೆಗಳನ್ನು ಮೂಡಿಸಿದರು. ಲೋಕವೆಲ್ಲ ಅದನ್ನು ನಕಲು ಮಾಡತೊಡಗಿದಾಗ ಮೇಲೆ ಕೆಂಪು ಬಳಿದರು.

ಕೆಲಸದ ಕ್ರಮವೂ ತಾಳ್ಮೆಯ ಪಾಠವೇ. ಹಳೆಯದನ್ನು ಕೆರೆದು, ಮರಳುಕಾಗದದಿಂದ ಉಜ್ಜಿ, ಮರದ ರಂಧ್ರಗಳನ್ನು ಲಪ್ಪದಿಂದ ಮುಚ್ಚಿ, ತಳಲೇಪ, ಬಣ್ಣ, ಅದರ ಮೇಲೆ ಪಾರದರ್ಶಕ ಮೆರುಗು. ನೈಟ್ರೋಸೆಲ್ಯುಲೋಸಿನ ಗುಣವೆಂದರೆ ಹೊಸ ಪದರವು ಹಳೆಯದನ್ನು ಕೊಂಚ ಕರಗಿಸಿ ಅದರಲ್ಲಿ ಒಂದಾಗುತ್ತದೆ. ದೋಷವೆಂದರೆ ವಯಸ್ಸಾದಂತೆ ಹಳದಿಗಟ್ಟುತ್ತದೆ, ಬಿರಿಯುತ್ತದೆ. ನೀಲಿ ಗಿಟಾರು ಹಸುರಾಗುತ್ತದೆ. 1960ರ ದಶಕದ ಕೊನೆಗೆ ಫೆಂಡರ್ ಕಂಪನಿ ಗಟ್ಟಿಯಾದ ಪಾಲಿಯೆಸ್ಟರಿನತ್ತ ಹೊರಳಿತು. ವಿಚಿತ್ರ ನೋಡಿ, 1995ರಲ್ಲಿ ಅದೇ ಕಂಪನಿ ಹೊಸ ಗಿಟಾರನ್ನೇ ಉಜ್ಜಿ ಸವೆಸಿ ಹಳೆಯದರಂತೆ ಕಾಣಿಸಿ ಮಾರತೊಡಗಿತು!

ಸವೆತಕ್ಕೆ ಇಷ್ಟು ಬೆಲೆಯೇಕೆ? ಐರ್ಲೆಂಡಿನ ರೋರಿ ಗ್ಯಾಲಹರ್ 1963ರಲ್ಲಿ ಕೊಂಡ ಸ್ಟ್ರಾಟೋಕ್ಯಾಸ್ಟರ್ ಒಮ್ಮೆ ಕಳುವಾಗಿ, ಮಳೆಯಲ್ಲಿ ನೆನೆದು, ಮರಳಿ ಸಿಕ್ಕಿತ್ತು. ಬಣ್ಣ ಬಹುಪಾಲು ಹೋಗಿತ್ತು. ಅವರು ಮತ್ತೆ ಬಳಿಸಲಿಲ್ಲ. 1995ರಲ್ಲಿ ಸಾಯುವವರೆಗೂ ಆ ಬೋಳು ಗಿಟಾರನ್ನೇ ನುಡಿಸಿದರು. ಆ ಸವೆತ ಅವರ ಬದುಕಿನ ದಿನಚರಿ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ವಾರ್ಷಿಕೋತ್ಸವ ಸಮೀಪಿಸಿದಾಗ, ಶಾಲೆಯ ಹಳೆಯ ಹಾರ್ಮೋನಿಯಂ ಪೆಟ್ಟಿಗೆಗೆ ಉತ್ಸಾಹದಿಂದ ಕಂದು ಎನಾಮೆಲ್ ಹೊಡೆಸಿದೆ. ಸಮಾರಂಭಕ್ಕೆ ಬಂದ ನಿವೃತ್ತ ಸಂಗೀತದ ಮೇಷ್ಟ್ರು ಪೆಟ್ಟಿಗೆಯ ಹಿಂಬದಿಯನ್ನು ಬೆರಳಿನಿಂದ ತಡವಿ ನೋಡಿ ಸುಮ್ಮನಾದರು. ತಾವು ಕಲಿಸಿದ ಮಕ್ಕಳ ಹೆಸರುಗಳನ್ನು ವರ್ಷಕ್ಕೊಂದರಂತೆ ಅಲ್ಲಿ ಅವರು ಸಣ್ಣದಾಗಿ ಬರೆದಿಟ್ಟಿದ್ದರಂತೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಹಾಗಾಗಿ ಹುಡುಗನಿಗೆ ಹೇಳಿದೆ: "ಬಣ್ಣ ಬಳಿಯುವುದು ತಪ್ಪಲ್ಲಪ್ಪ; ಹ್ಯಾರಿಸನ್, ವ್ಯಾನ್ ಹೇಲನ್ ಬಳಿದದ್ದು ತಮ್ಮ ವಾದ್ಯಕ್ಕೆ, ತಮ್ಮ ಗುರುತಿಗೆ. ಇಲ್ಲಿ ಮುಂಗೈ ಸವೆಸಿದ ಗುರುತು ನಿಮ್ಮ ತಂದೆಯದು. ಕೆರೆದರೆ ಮತ್ತೆ ಬರುವುದಿಲ್ಲ. ಬೇರೆ ಒಡಲೊಂದನ್ನು ಕೊಂಡು ನಿನ್ನ ಇಷ್ಟದ ಬಣ್ಣ ಹೊಡೆ."

ಹೋದ ತಿಂಗಳು ಫೋನು ಮಾಡಿದ್ದ. ಬೇರೊಂದು ಒಡಲು ಕೊಂಡು, ಗ್ಯಾರೇಜಿನಲ್ಲಿ ಕೆಂಪು ಡ್ಯೂಕೋ ಮಾಡಿಸಿದ್ದಾನಂತೆ. ತಂದೆಯ ಗಿಟಾರಿಗೆ ಹೊಸ ತಂತಿ ಹಾಕಿಸಿ, ಧೂಳು ಒರೆಸಿ ಹಾಗೆಯೇ ಇಟ್ಟಿದ್ದಾನೆ. "ನುಡಿಸುವಾಗ ನನ್ನ ಕೈಯೂ ಅದೇ ಜಾಗಕ್ಕೆ ಹೋಗಿ ಕೂರುತ್ತದೆ ಸಾರ್" ಎಂದ. ಫೋನಿಟ್ಟ ಮೇಲೆ ಬಹಳ ಹೊತ್ತು ಆ ಹಾರ್ಮೋನಿಯಂ ನೆನಪಾಗುತ್ತಿತ್ತು.