ನೆರೆಯ ಗೆರೆ ಎಳೆಯುವವರು ಯಾರು?

2012ರ ಅಕ್ಟೋಬರ್ ಕೊನೆಯಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿದಾಗ ಆ ನಗರದಲ್ಲಿ ಜಾರಿಯಲ್ಲಿದ್ದದ್ದು ಮೂಲತಃ 1983ರ ನೆರೆ ನಕ್ಷೆ. ಸಮುದ್ರ ಆ ನಕ್ಷೆಯ ಗೆರೆ ದಾಟಿ ಒಳಗಿನ ಬೀದಿಗಳಿಗೂ ನುಗ್ಗಿತು. ಅಷ್ಟು ಶ್ರೀಮಂತ ನಗರದ ಪಾಡೇ ಹೀಗಾದರೆ ಉಳಿದ ಊರುಗಳ ಗತಿ ಏನೆಂದು ಊಹಿಸಬಹುದು. ನಕ್ಷೆಯನ್ನು ಕಾಲಕಾಲಕ್ಕೆ ತಿದ್ದಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ತಿದ್ದುವಾಗ ನೀರನ್ನು ಕಣ್ಣಾರೆ ಕಂಡವರ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನೆರೆ ನಕ್ಷೆಯ ಕ್ಷೇತ್ರ ಮುಕ್ಕಾಲು ಶತಮಾನ ತೆಗೆದುಕೊಂಡಿದೆ.

ಆರಂಭದ ಹೆಜ್ಜೆ ಗಿಲ್ಬರ್ಟ್ ವೈಟ್ ಅವರದು. ಈ ಅಮೆರಿಕನ್ ಭೂಗೋಳ ವಿದ್ವಾಂಸ 1940ರ ದಶಕದಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧದಲ್ಲಿ, ಅಣೆಕಟ್ಟು, ಒಡ್ಡುಗಳನ್ನಷ್ಟೇ ನೆಚ್ಚಿಕೊಂಡರೆ ಸಾಲದು, ಜನ ಎಲ್ಲಿ ಮನೆ ಕಟ್ಟುತ್ತಾರೆ ಎಂಬುದನ್ನೂ ನೋಡಬೇಕು ಎಂದು ವಾದಿಸಿದರು. ಮುಂದಿನ ದಶಕದಲ್ಲಿ ಟೆನೆಸಿ ಕಣಿವೆ ಪ್ರಾಧಿಕಾರ ತನ್ನ ಊರುಗಳಿಗೆ ನೆರೆ ವರದಿ ಮಾಡಿಕೊಡಲು ತೊಡಗಿತು. 1966ರಲ್ಲಿ ವೈಟ್ ಅವರ ನೇತೃತ್ವದ ಕಾರ್ಯಪಡೆ ವರದಿ ಕೊಟ್ಟಿತು. 1968ರಲ್ಲಿ ರಾಷ್ಟ್ರೀಯ ನೆರೆ ವಿಮಾ ಕಾಯ್ದೆ ಬಂತು. ಊರು ತನ್ನ ಹೊಳೆಯಂಚಿನ ಕಟ್ಟಡಗಳಿಗೆ ನಿಯಮ ಹಾಕಿದರೆ ಅಲ್ಲಿನವರಿಗೆ ವಿಮೆ ಸಿಗುತ್ತದೆ ಎಂಬುದು ಅದರ ಕರಾರು. ಆ ನಿಯಮ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ನಕ್ಷೆ ಬೇಕಾಯಿತು.

ಆ ನಕ್ಷೆಯ ಆಧಾರ ‘ನೂರು ವರ್ಷದ ನೆರೆ’. ಅಂದರೆ ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರಕ್ಕೆ ಒಂದು ಇರುವ ನೆರೆ. ಈ ಹೆಸರು ಜನರನ್ನು ಬಹಳ ದಾರಿ ತಪ್ಪಿಸಿದೆ. ಹೋದ ವರ್ಷ ಬಂದಿತಲ್ಲ, ಇನ್ನು ನಮ್ಮ ಕಾಲಕ್ಕೆ ಬಾರದು ಎಂದು ನಂಬಿದವರು ಕಡಿಮೆಯೇನಲ್ಲ. ಮೂವತ್ತು ವರ್ಷದ ಗೃಹಸಾಲ ತೀರುವುದರೊಳಗೆ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವ ಶೇ. 26.

1973ರ ಕಾಯ್ದೆ ಗೆರೆಯೊಳಗಿನ ಮನೆಗೆ ಬ್ಯಾಂಕ್ ಸಾಲ ಬೇಕಾದರೆ ವಿಮೆ ಕಡ್ಡಾಯ ಎಂದಿತು. ಅಲ್ಲಿಂದ ಗೆರೆಗೂ ಹಣಕ್ಕೂ ಗಂಟು ಬಿತ್ತು. ಜನರ ಪಾಲ್ಗೊಳ್ಳುವಿಕೆಯ ಸ್ವರೂಪವನ್ನು ತೀರ್ಮಾನಿಸಿದ್ದೂ ಈ ಗಂಟೇ ಎಂದು ನನಗನ್ನಿಸುತ್ತದೆ. ನಕ್ಷೆಯ ಹೊಣೆ ಹೊತ್ತ ಫೆಮಾ ಸಂಸ್ಥೆ ಕರಡು ಸಿದ್ಧಪಡಿಸುತ್ತದೆ, ಸಭೆ ಕರೆಯುತ್ತದೆ, ಮೇಲ್ಮನವಿಗೆ 90 ದಿನ ಕೊಡುತ್ತದೆ. ಮನವಿ ತಾಂತ್ರಿಕ ಆಧಾರದ ಮೇಲಿರಬೇಕು. ಸರ್ವೆಯವರನ್ನು ಕರೆಸಿ, ನೆಲದ ಎತ್ತರ ಅಳೆಸಿ, ತನ್ನ ಮನೆ ಗೆರೆಯಾಚೆ ಇದೆ ಎಂದು ತೋರಿಸಲು ದುಡ್ಡಿದ್ದವರಿಗೆ ದಾರಿ ಇದೆ. ‘ನಮ್ಮ ಅಡುಗೆಮನೆಯ ಕಿಟಕಿಯವರೆಗೆ ನೀರು ಬಂದಿತ್ತು, ನಿಮ್ಮ ಗೆರೆ ಚಿಕ್ಕದಾಗಿದೆ’ ಎನ್ನುವ ಅಜ್ಜಿಯ ಮಾತು ಮಾತ್ರ ಮನವಿಯಾಗಿ ನಿಲ್ಲುವುದಿಲ್ಲ. ವಿಚಿತ್ರವೆಂದರೆ ವಿಜ್ಞಾನಕ್ಕೆ ಬೇಕಾದದ್ದು ಅದೇ ಸಾಕ್ಷ್ಯ. ನೆರೆ ಇಳಿದ ಮೇಲೆ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯವರು ಗೋಡೆ ಗೋಡೆ ತಡಕುತ್ತಾರೆ. ಬಣ್ಣದ ಮೇಲೆ ಒಣಗಿದ ಕೆಸರಿನ ಅಂಚು, ಅದರಲ್ಲಿ ಅಂಟಿಕೊಂಡ ಹುಲ್ಲುಬೀಜಗಳ ಸಣ್ಣ ಸಾಲು ಸಿಕ್ಕಿದರೆ ಗುರುತು ಹಾಕಿ ಎತ್ತರ ಅಳೆಯುತ್ತಾರೆ. ಒಂದು ಜೋರು ಮಳೆ ಬಂದರೆ ಆ ಸಾಲು ತೊಳೆದುಹೋಗುತ್ತದೆ. ಯಾವ ಗೋಡೆ ನೋಡಬೇಕೆಂದು ಹೇಳಬಲ್ಲವರು ಆ ಬೀದಿಯವರೇ.

ಉಪಕರಣಗಳೇನೋ ಸುಧಾರಿಸಿದವು. ಐದು ವರ್ಷಕ್ಕೊಮ್ಮೆ ನಕ್ಷೆಗಳ ಮರುಪರಿಶೀಲನೆ ಆಗಬೇಕೆಂದು 1994ರ ಕಾನೂನು ಹೇಳಿತು. 2003ರ ಹೊತ್ತಿಗೆ ಕಾಗದದ ನಕ್ಷೆಗಳು ಡಿಜಿಟಲ್ ಆಗತೊಡಗಿದವು, ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆಯುವ ಲೈಡಾರ್ ಬಳಕೆಗೆ ಬಂತು. ಆದರೂ 2017ರ ಹಾರ್ವೆ ಚಂಡಮಾರುತದ ಮಳೆಯಲ್ಲಿ ಹೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ನೀರು ಹೊಕ್ಕ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲು ಗೆರೆಯಾಚೆಯವು. ಮರುವರ್ಷ ಹವಾಮಾನ ಇಲಾಖೆ ಲೆಕ್ಕ ತಿದ್ದಿದಾಗ ಆ ಭಾಗದ ‘ನೂರು ವರ್ಷದ’ ಒಂದು ದಿನದ ಮಳೆ ಸುಮಾರು 13 ಇಂಚಿನಿಂದ 18ಕ್ಕೆ ಏರಿತು.

ನ್ಯೂಯಾರ್ಕಿನಲ್ಲಿ ಆದದ್ದೇ ಬೇರೆ. ಸ್ಯಾಂಡಿಯ ನಂತರ ಬಂದ ಹೊಸ ಕರಡು ನೆರೆಯನ್ನು ಅತಿಯಾಗಿ ತೋರಿಸಿದೆ ಎಂದು 2015ರಲ್ಲಿ ನಗರಾಡಳಿತವೇ ಮೇಲ್ಮನವಿ ಸಲ್ಲಿಸಿತು. ಮುಂದಿನ ವರ್ಷ ಫೆಮಾ ಮರುಲೆಕ್ಕಕ್ಕೆ ಒಪ್ಪಿತು. ಲೆಕ್ಕದ ತಪ್ಪು ತೋರಿಸುವುದು ನಗರದ ಹಕ್ಕು. ಆದರೂ ವಿಮೆಯ ಕಂತಿನ ಹೆದರಿಕೆ ಇರುವ ಕಡೆಯಲ್ಲೆಲ್ಲ ಆಕ್ಷೇಪಣೆಗಳು ಗೆರೆಯನ್ನು ಕುಗ್ಗಿಸುವ ದಿಕ್ಕಿಗೇ ಹರಿಯುತ್ತವೆ. ಉತ್ತರ ಕ್ಯಾರೊಲಿನಾದ ಶಾರ್ಲಟ್ ಈ ಹರಿವಿಗೆ ಎದುರು ನಿಂತ ಊರು. 1997ರ ನೆರೆಯ ಬಳಿಕ ಅಲ್ಲಿನ ಸ್ಥಳೀಯ ಆಡಳಿತ ತನ್ನದೇ ಹಣ ಹಾಕಿ ನಕ್ಷೆ ಹೊಸದಾಗಿಸಿತು. ಇಂದಿನ ನೆರೆಯ ಜೊತೆಗೆ, ಊರೆಲ್ಲ ಕಟ್ಟಡ ತುಂಬಿದ ಮೇಲೆ ಬರಬಹುದಾದ ನೆರೆಯನ್ನೂ ತೋರಿಸಿತು. ಬಿಲ್ಡರ್‌ಗಳನ್ನೂ ಪರಿಸರದವರನ್ನೂ ಮನೆಯವರನ್ನೂ ಮೊದಲೇ ಮಾತಿಗೆ ಕೂರಿಸಿದ್ದರಿಂದ ಇಂಥ ದೊಡ್ಡ ಗೆರೆಗೆ ಒಪ್ಪಿಗೆ ಸಿಕ್ಕಿತು.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಮುಖ್ಯ ತಿರುವು ಇಂಗ್ಲೆಂಡಿನ ಪಿಕರಿಂಗ್ ಎಂಬ ಪುಟ್ಟ ಪಟ್ಟಣದ್ದು. 1999ರಿಂದ 2007ರೊಳಗೆ ನಾಲ್ಕು ಸಲ ನೆರೆ ಕಂಡ ಊರದು. ಅಲ್ಲಿಗೆ ಹೋದ ಭೂಗೋಳ ವಿಜ್ಞಾನಿಗಳಾದ ಸಾರಾ ವಾಟ್ಮೋರ್ ಮತ್ತು ಸ್ಟುವರ್ಟ್ ಲೇನ್ ಸಿದ್ಧ ಮಾದರಿಯೊಂದನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಲಿಲ್ಲ. ಊರವರ ಜೊತೆ ತಿಂಗಳುಗಟ್ಟಲೆ ಕೂತು ಮಾದರಿಯನ್ನೇ ಕಟ್ಟಿದರು. ಫೋಟೊ, ನೆನಪು, ಹೊಳೆಯ ಮೇಲ್ಭಾಗದ ಹೊಲಗಳ ಪರಿಚಯ ಎಲ್ಲವೂ ಲೆಕ್ಕದೊಳಗೆ ಬಂದವು. ಪಟ್ಟಣದಲ್ಲಿ ಎತ್ತರದ ಗೋಡೆ ಕಟ್ಟುವ ಬದಲು ಮೇಲ್ಭಾಗದಲ್ಲೇ ಸಣ್ಣ ಸಣ್ಣ ಒಡ್ಡುಗಳಿಂದ ನೀರನ್ನು ತಡೆದು ನಿಧಾನಿಸಬಹುದು ಎಂಬ ಯೋಚನೆ ಆ ಕೂಟದಲ್ಲಿ ಬಲಿಯಿತು. 2009ರಿಂದ ಅದೇ ಜಾಡಿನಲ್ಲಿ ಯೋಜನೆ ಶುರುವಾಗಿ, ಮರದ ದಿಮ್ಮಿಗಳ ತಡೆಗಳೂ ಒಂದು ದೊಡ್ಡ ಒಡ್ಡೂ ಎದ್ದವು. 2015ರ ಕ್ರಿಸ್‌ಮಸ್ ಹೊತ್ತಿಗೆ ಉತ್ತರ ಇಂಗ್ಲೆಂಡಿನ ಹಲವು ಊರುಗಳು ಮುಳುಗಿದಾಗ ಪಿಕರಿಂಗ್ ಉಳಿಯಿತು.

ನಮ್ಮಲ್ಲಿ ಕೇಂದ್ರ ಜಲ ಆಯೋಗ ನೆರೆಬಯಲು ವಲಯೀಕರಣದ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿದ್ದು 1975ರಲ್ಲೇ. ಕಾಯ್ದೆ ಮಾಡಿದ್ದು ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು. ಇಸ್ರೋದ ಉಪಗ್ರಹ ಚಿತ್ರಗಳಿಂದ ಅಸ್ಸಾಂ, ಬಿಹಾರಗಳ ನೆರೆ ಅಟ್ಲಾಸ್ ಸಿದ್ಧವಾಗಿದೆ. ಆದರೆ ಆಕಾಶದಿಂದ ತೆಗೆದ ಚಿತ್ರಕ್ಕೆ ಓಣಿಯೊಳಗಿನ ನೀರಿನ ಆಳ ಕಾಣದು. ಕೇರಳದ ಮೀನಚ್ಚಿಲ್ ಕಣಿವೆಯಲ್ಲಿ ಜನರೂ ಶಾಲಾ ಮಕ್ಕಳೂ ಮಳೆ ಅಳೆದು, ಹೊಳೆಯ ಮಟ್ಟ ನೋಡಿ ಕೆಳಗಿನ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ. ಉಪಗ್ರಹ ಚಿತ್ರದ ಕೊರತೆ ತುಂಬುವ ಬಗೆ ಅದೇ.

ಕರ್ನಾಟಕದಲ್ಲಿ ಊರವರ ಜೊತೆಗೂಡಿ ನಕ್ಷೆ ಮಾಡಲು ಬೇಕಾದ ಸಾಮಗ್ರಿ ಬಹುಪಾಲು ಕೈಯಲ್ಲೇ ಇದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳಿವೆ. ರಾಜಕಾಲುವೆ ತೋರಿಸುವ ಹಳೆಯ ಗ್ರಾಮ ನಕ್ಷೆಗಳಿವೆ. 2009 ಮತ್ತು 2019ರ ನೆರೆಯ ನೀರು ಎಲ್ಲಿಯವರೆಗೆ ಬಂತೆಂದು ಕೃಷ್ಣಾ, ಮಲಪ್ರಭಾ ದಡದವರು ಗುಡಿಯ ಮೆಟ್ಟಿಲು ತೋರಿಸಿ ಹೇಳುತ್ತಾರೆ. ಆ ಮೆಟ್ಟಿಲುಗಳ ಎತ್ತರವನ್ನು ಗ್ರಾಮಸಭೆಯ ಎದುರಲ್ಲೇ ಅಳೆದು ಬರೆದುಕೊಳ್ಳಬೇಕು, ಅದೂ ಕರಡು ನಕ್ಷೆ ಅಚ್ಚಾಗುವ ಮುಂಚೆ.